ಖಾಲಿ ಬಯಲನ್ನು ಕಾದ ನಿಲ್ದಾಣ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನನ್ನ ವಯಸ್ಸಿನವರು ನಯಾಗರದ ಬಗ್ಗೆ, ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಒಂದು ಪ್ಲಾಟ್‌ಫಾರ್ಮಿನ ಬಗ್ಗೆ. ಅದಕ್ಕೆ ಕಟ್ಟಡವಿಲ್ಲ, ಸ್ಟೇಷನ್ ಮಾಸ್ಟರ್ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಟೀ ಮಾರುವವನ ಕೂಗಂತೂ ಇಲ್ಲವೇ ಇಲ್ಲ. ಎರಡು ಜೊತೆ ಹಳಿ, ಒಂದಿಷ್ಟು ಕಾಂಕ್ರೀಟು, ಮಳೆಯಿಂದ ತಲೆ ಕಾಯ್ದುಕೊಳ್ಳಲು ಸಣ್ಣ ಚಾವಣಿ. ಇಷ್ಟೇ ಇರುವ ಈ ನಿಲ್ದಾಣದ ಹೆಸರು ನಗರ ಯೋಜನೆಯ ಪಾಠಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ನಾನು ರೈಲ್ವೆಯಲ್ಲಿ ಹಳಿ ವಿಭಾಗದ ಎಂಜಿನಿಯರ್ ಆಗಿದ್ದವನು. ಅರಸೀಕೆರೆ, ಬೀರೂರು, ಕಡೂರು ಕಡೆ ಗ್ಯಾಂಗ್‌ಮನ್‌ಗಳ ಜೊತೆ ಬಿಸಿಲಲ್ಲಿ ನಡೆದವನು. ಮೀಟರ್ ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದ ತಲೆಮಾರಿನವನು. ನಮ್ಮ ವಿಭಾಗದವರಿಗೆ ಒಂದು ಚಾಳಿ: ಯಾವ ಊರಿಗೆ ಹೋದರೂ ಮೊದಲು ಹಳಿಯ ಕೆಳಗಿನ ಜಲ್ಲಿ ನೋಡುವುದು, ಆಮೇಲೆ ಊರು ನೋಡುವುದು. ಮಗಳ ಮನೆ ಇರುವುದು ಅಮೆರಿಕದ ವಾಯವ್ಯ ಮೂಲೆಯ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರಕ್ಕೆ ಪಶ್ಚಿಮದ ಹಿಲ್ಸ್‌ಬರೊ ಎಂಬ ಉಪನಗರದಲ್ಲಿ. ಅಲ್ಲಿಗೆ ಹತ್ತಿರದ ನಿಲ್ದಾಣ ಓರೆಂಕೊ. ಜಲ್ಲಿ ನೋಡಲು ಹೋದ ನನಗೆ ಅಲ್ಲಿ ಹಳಿಗಿಂತ ಹಳಿಯ ಸುತ್ತಲಿನ ನೆಲ ಹೆಚ್ಚು ಕಲಿಸಿತು.

ನರ್ಸರಿ ಕಟ್ಟಿದ ಊರು

ಓರೆಂಕೊ ಎಂಬ ಹೆಸರು ಒಂದು ಕಂಪನಿಯದ್ದು. ಆರೆಗನ್ ನರ್ಸರಿ ಕಂಪನಿಯ ಹೆಸರಿನ ತುಣುಕುಗಳನ್ನು ಪೋಣಿಸಿದರೆ ಓರೆಂಕೊ ಆಗುತ್ತದೆ. ಮ್ಯಾಲ್ಕಮ್ ಮೆಕ್‌ಡೊನಾಲ್ಡ್ ಮತ್ತು ಆರ್ಚಿಬಾಲ್ಡ್ ಮೆಕ್‌ಗಿಲ್ ಎಂಬಿಬ್ಬರು ನಡೆಸುತ್ತಿದ್ದ ಆ ಕಂಪನಿ 1906ರ ಸುಮಾರಿಗೆ ಸೇಲಂ ಪಟ್ಟಣದಿಂದ ಇಲ್ಲಿಗೆ ಬಂದು ಸುಮಾರು 1,200 ಎಕರೆ ನೆಲ ಕೊಂಡಿತು. ಸೇಬು ಮತ್ತಿತರ ಹಣ್ಣಿನ ಗಿಡಗಳನ್ನು, ಅಲಂಕಾರದ ಮರಗಳನ್ನು ಬೆಳೆಸಿ ದೂರದೂರದ ಊರುಗಳಿಗೆ ಮಾರುತ್ತಿತ್ತು. ಕೆಲಸಕ್ಕೆ ಬಂದವರಲ್ಲಿ ಹಂಗೇರಿಯಿಂದ ವಲಸೆ ಬಂದ ಕುಟುಂಬಗಳು ಬಹಳ. ಅವರಿಗೆಲ್ಲ ಮನೆ ಬೇಕಲ್ಲ, ಕಂಪನಿಯೇ ಊರು ಕಟ್ಟಿತು. ಕಬ್ಬಿಣದ ಕಾರ್ಖಾನೆಯ ಸುತ್ತ ನಮ್ಮ ಭದ್ರಾವತಿ ಬೆಳೆದಂತೆ ಅಲ್ಲಿ ಸಸಿ ಮಡಿಗಳ ಸುತ್ತ ಊರು ಬೆಳೆಯಿತು. 1913ರಲ್ಲಿ ಅದಕ್ಕೆ ಪುರಸಭೆಯ ಸ್ಥಾನವೂ ಸಿಕ್ಕಿತು.

ಸಸಿ ಸಾಗಿಸಲು ರೈಲು ಬೇಕು. 1908ರಲ್ಲಿ ಆರೆಗನ್ ಎಲೆಕ್ಟ್ರಿಕ್ ರೈಲ್ವೆ ಪೋರ್ಟ್‌ಲ್ಯಾಂಡಿನಿಂದ ಹಿಲ್ಸ್‌ಬರೊ ದಾಟಿ ಫಾರೆಸ್ಟ್ ಗ್ರೋವ್‌ವರೆಗೆ ಹಳಿ ಹಾಕಿತು. ಹೆಸರೇ ಹೇಳುವಂತೆ ಅದು ವಿದ್ಯುತ್ ರೈಲು. ನಮ್ಮ ಭಾಗದಲ್ಲಿ ಉಗಿಬಂಡಿಯ ಹೊಗೆ ಬಿಟ್ಟು ಬೇರೇನೂ ಕಾಣದಿದ್ದ ಆ ಕಾಲಕ್ಕೆ ಈ ನರ್ಸರಿ ಊರಿನವರು ತಂತಿಯಿಂದ ಓಡುವ ರೈಲು ಹತ್ತಿ ಪೇಟೆಗೆ ಹೋಗಿಬರುತ್ತಿದ್ದರು.

ಈ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. ಮೋಟಾರು ಕಾರು ಬಂತು, ಟಾರು ರಸ್ತೆ ಬಂತು, 1930ರ ದಶಕದ ಆರಂಭಕ್ಕೆ ಪ್ರಯಾಣಿಕರ ಗಾಡಿ ನಿಂತುಹೋಯಿತು. ಅಷ್ಟರಲ್ಲಿ ನರ್ಸರಿ ಕಂಪನಿಯೂ ದಿವಾಳಿಯಾಗಿತ್ತು. 1938ರಲ್ಲಿ ಓರೆಂಕೊ ತನ್ನ ಪುರಸಭೆಯನ್ನೇ ವಿಸರ್ಜಿಸಿಕೊಂಡಿತು. ಕಂಪನಿಯ ಗುರುತಾಗಿ ಉಳಿದದ್ದು ಒಂದಷ್ಟು ಹಳೆಯ ಮನೆಗಳು ಮತ್ತು ಓರೆಂಕೊ ಎಂಬ ಹೆಸರಿನದೇ ಒಂದು ಸೇಬಿನ ತಳಿ. ಹಳಿ ಮಾತ್ರ ಕಿತ್ತುಹೋಗಲಿಲ್ಲ. ಅದರ ಮೇಲೆ ಸರಕು ಗಾಡಿ ಓಡಾಡುತ್ತಲೇ ಇತ್ತು.

ಸರಕಿನ ಗಾಡಿಯೊಂದು ಆಗೊಮ್ಮೆ ಈಗೊಮ್ಮೆ ಓಡಾಡಿದರೂ ಸಾಕು, ಹಳಿಯ ಜಾಗ ರೈಲ್ವೆಯ ಕೈಯಲ್ಲೇ ಉಳಿಯುತ್ತದೆ. ಗಾಡಿ ಪೂರ್ತಿ ನಿಂತಿತೆಂದರೆ ಮೊದಲು ದನ ಕಟ್ಟುತ್ತಾರೆ, ಆಮೇಲೆ ಶೆಡ್ ಹಾಕುತ್ತಾರೆ, ಕೊನೆಗೆ ಕೋರ್ಟಿಗೆ ಹೋಗುತ್ತಾರೆ. ಆ ಪಟ್ಟಿ ನೆಲ ಉಳಿದಿತ್ತು ಎಂಬ ಒಂದೇ ಕಾರಣಕ್ಕೆ ಆರು ದಶಕಗಳ ಮೇಲೆ ಓರೆಂಕೊಗೆ ವಿದ್ಯುತ್ ರೈಲು ಮತ್ತೆ ಬಂತು.

ಹೆದ್ದಾರಿ ಬೇಡವೆಂದ ಊರು

1970ರ ದಶಕದಲ್ಲಿ ಪೋರ್ಟ್‌ಲ್ಯಾಂಡಿನ ಪೂರ್ವಕ್ಕೆ ಮೌಂಟ್ ಹುಡ್ ಫ್ರೀವೇ ಎಂಬ ದೊಡ್ಡ ಹೆದ್ದಾರಿ ಬರುವುದಿತ್ತು. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಮನೆ ಕೆಡವಬೇಕು ಎಂದಾಗ ಜನ ತಿರುಗಿಬಿದ್ದರು, ಯೋಜನೆ ರದ್ದಾಯಿತು. ಅದಕ್ಕಿಟ್ಟಿದ್ದ ಕೇಂದ್ರ ಸರ್ಕಾರದ ಹಣದ ಒಂದು ಭಾಗ ರೈಲಿಗೆ ತಿರುಗಿತು. ಹೀಗೆ 1986ರ ಸೆಪ್ಟೆಂಬರ್ 5ರಂದು ಮ್ಯಾಕ್ಸ್ ಎಂಬ ಲೈಟ್ ರೈಲ್ ಪೂರ್ವದ ಗ್ರೆಷಮ್‌ವರೆಗೆ ಶುರುವಾಯಿತು. ನಡೆಸುವುದು ಟ್ರೈಮೆಟ್ ಎಂಬ ಸಾರ್ವಜನಿಕ ಸಾರಿಗೆ ಸಂಸ್ಥೆ.

ಆಮೇಲೆ ಪಶ್ಚಿಮದ ಸರದಿ. ಅಲ್ಲಿ ಅಡ್ಡ ನಿಂತದ್ದು ಬಸಾಲ್ಟ್ ಬಂಡೆಯ ಗುಡ್ಡಸಾಲು. 1990ರ ನವೆಂಬರಿನಲ್ಲಿ ಮತದಾರರು 12.5 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಖರ್ಚಿನ ಸುಮಾರು ಮುಕ್ಕಾಲು ಪಾಲು ಕೇಂದ್ರದಿಂದ ಬಂತು. ಗುಡ್ಡದಡಿ ಸುಮಾರು 4.7 ಕಿ.ಮೀ. ಉದ್ದದ ಜೋಡಿ ಸುರಂಗ ಕೊರೆದರು. ಅದರ ನಡುವಿನ ವಾಷಿಂಗ್ಟನ್ ಪಾರ್ಕ್ ನಿಲ್ದಾಣ ನೆಲಮಟ್ಟದಿಂದ 79 ಮೀಟರ್ ಆಳದಲ್ಲಿದೆ, ಉತ್ತರ ಅಮೆರಿಕದಲ್ಲೇ ಅತಿ ಆಳದ ನಿಲ್ದಾಣ. ಆ ಗುಡ್ಡದಿಂದ ಕೊರೆದು ತೆಗೆದ ಬಂಡೆಯ ಉದ್ದನೆಯ ಮಾದರಿಯನ್ನು ಅಲ್ಲಿನ ಗೋಡೆಯ ಮೇಲೇ ಜೋಡಿಸಿಟ್ಟಿದ್ದಾರೆ. ಬಂಡೆ ಸಿಡಿಸಿದವರ ಜೊತೆ ಕೆಲಸ ಮಾಡಿದ ನನಗೆ ಅದರ ಮುಂದಿನಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಮೊದಲ ಯೋಜನೆಯಲ್ಲಿ ಹಳಿ ಹಿಲ್ಸ್‌ಬರೊ ತಲುಪುತ್ತಲೇ ಇರಲಿಲ್ಲ, 185ನೇ ಅವೆನ್ಯೂ ಬಳಿ ಮುಗಿದುಬಿಡುತ್ತಿತ್ತು. ಅಲ್ಲಿಂದ ಮುಂದೆ ಹೊಲ, ಹುಲ್ಲುಗಾವಲು. ಜನವಿಲ್ಲದ ಕಡೆಗೆ ರೈಲು ಏಕೆ ಎಂಬ ವಾದ. ಹಿಲ್ಸ್‌ಬರೊದ ಮೇಯರ್ ಆಗಿದ್ದ ಶರ್ಲಿ ಹಫ್‌ಮನ್ ಬಿಡಲಿಲ್ಲ. ನಮ್ಮ ಊರಿಗೂ ಬೇಕೇ ಬೇಕು ಎಂದು ರಾಜಧಾನಿಯವರೆಗೂ ಹೋಗಿ ಒತ್ತಾಯಿಸಿದರು. ಸೆನೆಟರ್ ಮಾರ್ಕ್ ಹ್ಯಾಟ್‌ಫೀಲ್ಡ್ ಹಣ ತರುವಲ್ಲಿ ಬೆನ್ನಿಗೆ ನಿಂತರು. ಕೊನೆಯ ನಿಲ್ದಾಣಕ್ಕೆ ಅವರದೇ ಹೆಸರು. 1998ರ ಸೆಪ್ಟೆಂಬರ್ 12ರಂದು ಪೂರ್ತಿ ಮಾರ್ಗ ತೆರೆಯಿತು. ಉದ್ದ ಸುಮಾರು 28 ಕಿ.ಮೀ., ನಿಲ್ದಾಣಗಳು 20, ಖರ್ಚು 96.3 ಕೋಟಿ ಡಾಲರ್. ಬೀವರ್ಟನ್ ದಾಟಿದ ಮೇಲೆ ಹಿಲ್ಸ್‌ಬರೊವರೆಗೆ ಹೊಸ ಹಳಿ ಬಿದ್ದದ್ದು ಹೆಚ್ಚಾಗಿ ಆ ಹಳೆಯ ಆರೆಗನ್ ಎಲೆಕ್ಟ್ರಿಕ್ ಜಾಗದಲ್ಲೇ.

ಪೇಟೆಯಲ್ಲಿ ಟ್ರಾಮ್, ಹೊರಗೆ ಲೋಕಲ್

ಲೈಟ್ ರೈಲ್ ಎಂದರೇನು ಎಂದು ಕೇಳುವವರಿಗೆ ನಾನು ಓರೆಂಕೊದಿಂದ ಪೋರ್ಟ್‌ಲ್ಯಾಂಡ್ ಪೇಟೆಗೆ ಹೋಗುವ ಸುಮಾರು 40 ನಿಮಿಷದ ಪ್ರಯಾಣವನ್ನೇ ವಿವರಿಸುತ್ತೇನೆ. ಹೊರಡುವಾಗ ಗಾಡಿ ನಮ್ಮ ಪ್ಯಾಸೆಂಜರ್ ರೈಲಿನಂತೆ ಜಲ್ಲಿಯ ಮೇಲೆ ಓಡುತ್ತದೆ. ರಸ್ತೆ ಅಡ್ಡ ಬಂದಲ್ಲಿ ಗೇಟು ಬೀಳುತ್ತದೆ. ಗಂಟೆಗೆ 88 ಕಿ.ಮೀ. ವೇಗದವರೆಗೂ ಹೋಗುತ್ತದೆ. ಆಮೇಲೆ ಮೆಟ್ರೊದಂತೆ ಸುರಂಗಕ್ಕಿಳಿಯುತ್ತದೆ. ಪೇಟೆ ಬಂದೊಡನೆ ಅದೇ ಗಾಡಿ ಸಾಧುವಾಗಿ ರಸ್ತೆಗಿಳಿದು ಸಿಗ್ನಲ್ಲಿಗೆ ನಿಂತು, ಪಾದಚಾರಿಗಳ ಪಕ್ಕದಲ್ಲೇ ಟ್ರಾಮಿನಂತೆ ಸಾಗುತ್ತದೆ.

ಈ ಮೂರು ವೇಷ ಒಂದೇ ಗಾಡಿ ಹಾಕಬೇಕಾದರೆ ಕೆಲವು ಕಟ್ಟುಪಾಡು ಬೇಕು. ವಿದ್ಯುತ್ತನ್ನೇ ನೋಡಿ. ಬೆಂಗಳೂರಿನ ನೇರಳೆ, ಹಸಿರು ಮಾರ್ಗದ ಮೆಟ್ರೊಗೂ ಇದಕ್ಕೂ ಗೇಜ್ ಒಂದೇ, 1,435 ಮಿ.ಮೀ. ವಿದ್ಯುತ್ ಒತ್ತಡವೂ ಹೆಚ್ಚುಕಡಿಮೆ ಒಂದೇ, 750 ವೋಲ್ಟ್ ಡಿ.ಸಿ. ಆಸುಪಾಸು. ಆದರೆ ನಮ್ಮ ಮೆಟ್ರೊ ಆ ವಿದ್ಯುತ್ತನ್ನು ಹಳಿಯ ಪಕ್ಕದ ಮೂರನೇ ಹಳಿಯಿಂದ ಪಡೆಯುತ್ತದೆ, ಇಲ್ಲಿ ತಲೆಯ ಮೇಲಿನ ತಂತಿಯಿಂದ. ಜನ ಹಳಿ ದಾಟಿ ನಡೆಯುವ ಕಡೆ ನೆಲಮಟ್ಟದಲ್ಲಿ ವಿದ್ಯುತ್ ಇಟ್ಟರೆ ಪ್ರಾಣಕ್ಕೆ ಅಪಾಯ. ಮೆಟ್ರೊ ಕಂಬದ ಮೇಲೋ ನೆಲದ ಕೆಳಗೋ ಇರುವುದರಿಂದ ಅಲ್ಲಿ ಆ ಭಯವಿಲ್ಲ.

ಪ್ಲಾಟ್‌ಫಾರ್ಮ್ ಇಷ್ಟು ಗಿಡ್ಡ ಏಕೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. 24 ಡಬ್ಬಿಯ ಗಾಡಿಗೆ ಪ್ಲಾಟ್‌ಫಾರ್ಮ್ ಅಳೆದವನಿಗೆ ಎರಡು ಡಬ್ಬಿಯ ಗಾಡಿ ಆಟಿಕೆಯಂತೆ ಕಾಣುತ್ತದೆ. ಇದರ ಉತ್ತರ ಓರೆಂಕೊದಲ್ಲಿಲ್ಲ, ಪೋರ್ಟ್‌ಲ್ಯಾಂಡ್ ಪೇಟೆಯಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ಪೇಟೆಯ ಬೀದಿ ಗುರುತು ಹಾಕಿದವರು ಎರಡು ಅಡ್ಡರಸ್ತೆಗಳ ನಡುವೆ 200 ಅಡಿ, ಅಂದರೆ 61 ಮೀಟರ್ ಮಾತ್ರ ಬಿಟ್ಟರು. ಒಂದು ಡಬ್ಬಿಯ ಉದ್ದ ಸುಮಾರು 28 ಮೀಟರ್. ಎರಡು ಸೇರಿಸಿದರೆ ಬೀದಿಯೊಳಗೆ ಹಿಡಿಸುತ್ತದೆ. ಮೂರನೆಯದನ್ನು ಸೇರಿಸಿದರೆ ನಿಂತ ಗಾಡಿಯ ಬಾಲ ಅಡ್ಡರಸ್ತೆಯನ್ನು ಮುಚ್ಚುತ್ತದೆ. ಯಾರೋ ಕುದುರೆಗಾಡಿ ಕಾಲದಲ್ಲಿ ಎಳೆದ ಗೆರೆ ಇವತ್ತಿಗೂ ದೂರದ ಉಪನಗರದ ಪ್ಲಾಟ್‌ಫಾರ್ಮಿನ ಉದ್ದವನ್ನು ನಿರ್ಧರಿಸುತ್ತಿದೆ. ಹೆಚ್ಚು ಜನರನ್ನು ಒಯ್ಯಬೇಕೆಂದರೆ ಗಾಡಿ ಉದ್ದ ಮಾಡುವಂತಿಲ್ಲ, ಗಾಡಿಗಳ ಸಂಖ್ಯೆ ಹೆಚ್ಚಿಸಬೇಕು. 2024ರ ಆಗಸ್ಟಿನಲ್ಲಿ ವಿಮಾನ ನಿಲ್ದಾಣದ ಕೆಂಪು ಮಾರ್ಗವನ್ನು ಓರೆಂಕೊ ದಾಟಿಸಿ ಮುಂದಕ್ಕೆ ತಂದ ಮೇಲೆ ನೀಲಿ, ಕೆಂಪು ಎರಡೂ ಗಾಡಿಗಳು ಇಲ್ಲಿ ನಿಲ್ಲುತ್ತವೆ.

ಇನ್ನೊಂದು ಅಳತೆ ಎತ್ತರದ್ದು. ನಮ್ಮ ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ. ಅದರ ಮೇಲೂ ಡಬ್ಬಿಗೆ ಮೆಟ್ಟಿಲು ಹತ್ತಬೇಕು. ಸೊಂಟ ನೋವಿನ ಮುದುಕಿಯನ್ನು ಇಬ್ಬರು ಮೇಲಿಂದ ಎಳೆದು ಇಬ್ಬರು ಕೆಳಗಿಂದ ದೂಡುವುದನ್ನು ನೀವೂ ನೋಡಿದ್ದೀರಿ. ಓರೆಂಕೊದ ಪ್ಲಾಟ್‌ಫಾರ್ಮ್ ಫುಟ್‌ಪಾತಿನಷ್ಟೇ ತಗ್ಗು, ಆದರೂ ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ಗಾಡಿಯ ನೆಲವನ್ನೇ ಕೆಳಕ್ಕಿಳಿಸಿದ್ದಾರೆ, ಹಳಿಯಿಂದ ಸುಮಾರು 36 ಸೆಂ.ಮೀ. ಎತ್ತರಕ್ಕೆ. ಗುಂಡಿ ಒತ್ತಿದರೆ ಬಾಗಿಲ ಬುಡದಿಂದ ಲೋಹದ ಹಲಗೆ ಹೊರಬಂದು ಸಂದು ಮುಚ್ಚುತ್ತದೆ.

1986ರ ಮೊದಲ ಗಾಡಿಗಳು ಹೀಗಿರಲಿಲ್ಲ. ಅವಕ್ಕೆ ಮೆಟ್ಟಿಲಿದ್ದವು. ಗಾಲಿಕುರ್ಚಿಯವರನ್ನು ಎತ್ತಲು ಪ್ಲಾಟ್‌ಫಾರ್ಮಿನ ಮೇಲೆ ಲಿಫ್ಟ್ ಯಂತ್ರ ಇಟ್ಟಿದ್ದರು. ಒಬ್ಬರು ಹತ್ತುವಷ್ಟರಲ್ಲಿ ಗಾಡಿ ತಡವಾಗುತ್ತಿತ್ತು. ಪಶ್ಚಿಮ ಮಾರ್ಗಕ್ಕಾಗಿ ಟ್ರೈಮೆಟ್ ಮತ್ತು ಸೀಮೆನ್ಸ್ ಸೇರಿ ತಗ್ಗುನೆಲದ ಗಾಡಿ ರೂಪಿಸಿದವು. 1997ರಲ್ಲಿ ಓಡಾಟ ಶುರುಮಾಡಿದ ಅವು ಉತ್ತರ ಅಮೆರಿಕದ ಮೊತ್ತಮೊದಲ ತಗ್ಗುನೆಲದ ಲೈಟ್ ರೈಲ್ ಗಾಡಿಗಳು. ಹಳೆಯ ಡಬ್ಬಿಗಳನ್ನು ಎಸೆಯುವಂತಿರಲಿಲ್ಲ. ಹಳೆಯದಕ್ಕೊಂದು ಹೊಸದನ್ನು ಜೋಡಿಸಿ ಓಡಿಸಿದರು. ಆಗ ಪ್ರತಿ ಗಾಡಿಯಲ್ಲೂ ಗಾಲಿಕುರ್ಚಿಗೆ ಒಂದಾದರೂ ಬಾಗಿಲು ಸಿಕ್ಕೇ ಸಿಗುತ್ತಿತ್ತು. ಇರುವ ಸರಂಜಾಮಿನಲ್ಲೇ ಸಂಸಾರ ತೂಗಿಸುವ ಈ ಜಾಣ್ಮೆ ಯಾವ ದೇಶದ ರೈಲಿನವನಿಗೂ ಇಷ್ಟವಾಗುತ್ತದೆ.

ಬೇಲಿಯಿಲ್ಲ, ಗೇಟಿಲ್ಲ, ಯಾರು ಬೇಕಾದರೂ ನುಗ್ಗಬಹುದು ಅನಿಸುತ್ತದೆ. ಮಗಳು ಮೊದಲೇ ಎಚ್ಚರಿಸಿದ್ದಳು: "ಅಪ್ಪ, ಕಾರ್ಡ್ ಮುಟ್ಟಿಸದೆ ಹತ್ತಬೇಡಿ, ಒಳಗೆ ಚೆಕಿಂಗ್‌ನವರು ಬರ್ತಾರೆ." ದೊಡ್ಡವರ ಟಿಕೆಟ್ 2.80 ಡಾಲರ್, 65 ದಾಟಿದ ನನ್ನಂಥವರಿಗೆ ಅರ್ಧ. ಗೇಟು ಬೇಡವೆಂದದ್ದರಿಂದ ಕಟ್ಟಡ ಬೇಡವಾಯಿತು, ಸಿಬ್ಬಂದಿ ಬೇಡವಾಯಿತು. ನಿಲ್ದಾಣ ಬಸ್‌ಸ್ಟಾಪಿನಷ್ಟು ಸರಳವಾಯಿತು.

ಏನು ಕಟ್ಟಕೂಡದು ಎಂಬ ನಕ್ಷೆ

ಇದಿಷ್ಟು ಪ್ಲಾಟ್‌ಫಾರ್ಮ್. ಈ ನಿಲ್ದಾಣದ ನಿಜವಾದ ವಿನ್ಯಾಸ ಇರುವುದು ಅದರ ಹೊರಗೆ.

ಆರೆಗನ್ ರಾಜ್ಯ 1973ರಲ್ಲಿ, ಗವರ್ನರ್ ಟಾಮ್ ಮೆಕಾಲ್ ಕಾಲದಲ್ಲಿ, ಒಂದು ಕಠಿಣ ಕಾನೂನು ತಂದಿತು. ಪ್ರತಿ ನಗರವೂ ತನ್ನ ಸುತ್ತ ಗಡಿ ಗುರುತಿಸಬೇಕು. ಆ ಗಡಿಯಾಚೆ ಹೊಲ ಹೊಲವಾಗಿಯೇ ಇರಬೇಕು, ಕಾಡು ಕಾಡಾಗಿಯೇ ಇರಬೇಕು. ಹೀಗಾಗಿ ಗಡಿಯೊಳಗಿನ ನೆಲವನ್ನು ಹೇಗೆ ಬಳಸುತ್ತೇವೆ ಎಂಬ ಪ್ರಶ್ನೆಗೆ ತೂಕ ಬಂತು. 1990ರ ಸುಮಾರಿಗೆ ಇದೇ ಪಶ್ಚಿಮ ಭಾಗದಲ್ಲಿ ಹೊಸ ವರ್ತುಲ ಹೆದ್ದಾರಿಯ ಮಾತು ಎದ್ದಾಗ, 'ಆರೆಗನ್‌ನ ಸಾವಿರ ಗೆಳೆಯರು' ಎಂಬರ್ಥದ ಹೆಸರಿನ ನಾಗರಿಕ ಸಂಸ್ಥೆ ಬರೀ ಬೇಡ ಎಂದು ಕೂಗಿ ಸುಮ್ಮನಾಗಲಿಲ್ಲ. ಪೀಟರ್ ಕ್ಯಾಲ್ತೋರ್ಪ್‌ರಂಥ ಯೋಜಕರನ್ನು ಸೇರಿಸಿಕೊಂಡು ಪರ್ಯಾಯ ಅಧ್ಯಯನವನ್ನೇ ಮಾಡಿಸಿತು. ರೈಲು ನಿಲ್ದಾಣದ ಸುತ್ತ ಮನೆ, ಅಂಗಡಿ, ಕಚೇರಿ ಒತ್ತಾಗಿ ಬಂದರೆ ಜನ ನಡೆದು ಹೋಗಿ ರೈಲು ಹತ್ತುತ್ತಾರೆ, ಇನ್ನೊಂದು ಹೆದ್ದಾರಿ ಬೇಕಾಗುವುದಿಲ್ಲ ಎಂಬುದು ಅದರ ಸಾರ. ಹೆದ್ದಾರಿ ಬರಲಿಲ್ಲ.

ಆ ವಿಚಾರವನ್ನು ನೆಲಕ್ಕಿಳಿಸಲು ಹಿಲ್ಸ್‌ಬರೊ ಮತ್ತು ನೆರೆಯ ಆಡಳಿತಗಳು ರೈಲು ಬರುವ ವರ್ಷಗಳ ಮುಂಚೆಯೇ ತಾತ್ಕಾಲಿಕ ನಿಯಮ ಹೊರಡಿಸಿದವು. ನಿಲ್ದಾಣದ ಸುತ್ತ ಅರ್ಧ ಮೈಲಿಯ ಆಸುಪಾಸಿನಲ್ಲಿ ಕಾರನ್ನೇ ನಂಬಿದ ವ್ಯಾಪಾರಕ್ಕೆ ಅನುಮತಿ ಇಲ್ಲ. ಮನೆ ಕಟ್ಟಿದರೆ ಎಕರೆಗೆ ಇಷ್ಟಾದರೂ ಇರಬೇಕು. ಗರಿಷ್ಠ ಎಷ್ಟು ಕಟ್ಟಬಹುದು ಎಂಬ ನಿಯಮ ನಮಗೆಲ್ಲ ಗೊತ್ತು. ಕನಿಷ್ಠ ಇಷ್ಟು ಕಟ್ಟಲೇಬೇಕು, ಇಲ್ಲವಾದರೆ ಸುಮ್ಮನೆ ಬಿಡಿ ಎಂಬ ನಿಯಮವನ್ನು ನಾನು ಕೇಳಿದ್ದು ಇದೇ ಮೊದಲು.

1990ರ ದಶಕದಲ್ಲಿ ಹತ್ತಿರದಲ್ಲೇ ಇಂಟೆಲ್ ತನ್ನ ರಾನ್ಲರ್ ಏಕರ್ಸ್ ಚಿಪ್ ಘಟಕ ತೆರೆದಿತ್ತು, ಅಲ್ಲಿನ ಎಂಜಿನಿಯರುಗಳಿಗೆ ಮನೆ ಬೇಕಿತ್ತು. ಪ್ಯಾಕ್‌ಟ್ರಸ್ಟ್ ಮತ್ತು ಕೋಸ್ಟಾ ಪೆಸಿಫಿಕ್ ಎಂಬ ಸಂಸ್ಥೆಗಳು ಸೇರಿ ಹಳೆಯ ಕಂಪನಿ ಊರಿನ ಪಕ್ಕದಲ್ಲೇ 'ಓರೆಂಕೊ ಸ್ಟೇಷನ್' ಎಂಬ ಬಡಾವಣೆ ಕಟ್ಟತೊಡಗಿದವು. ಚಿಕ್ಕ ನಿವೇಶನ, ಕಿರಿದಾದ ಬೀದಿ, ಬೀದಿಗೆ ಮುಖ ಮಾಡಿದ ಜಗಲಿ. ಕಾರಿನ ಗ್ಯಾರೇಜು ಹಿಂದಿನ ಓಣಿಗೆ. ಕೆಲವು ಗ್ಯಾರೇಜಿನ ಮೇಲೆ ಒಂದು ಕೋಣೆಯ ಪುಟ್ಟ ಮನೆ. ನಡುವೆ ಹುಲ್ಲಿನ ಉದ್ಯಾನ. ಮುಖ್ಯ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮ ಚಿಕ್ಕಪೇಟೆ ಬಳೇಪೇಟೆಗಳಲ್ಲಿ ಯಾರೂ ಹೇಳಿಕೊಡದೆ ಬಂದ ಈ ಏರ್ಪಾಡು ಅಮೆರಿಕದ ಉಪನಗರದಲ್ಲಿ ಆಗ ಹೊಸ ಪ್ರಯೋಗ.

ಆ ನಾನೂರು ಮೀಟರ್

ಇಲ್ಲೊಂದು ತೊಡಕು. ಅಂಗಡಿ ಬೀದಿ ಬಂದದ್ದು ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಅಲ್ಲ, ಅಲ್ಲಿಂದ ಸುಮಾರು 400 ಮೀಟರ್ ಆಚೆ ಕಾರ್ನೆಲ್ ರೋಡ್ ಎಂಬ ಅಗಲ ರಸ್ತೆಯ ಅಂಚಿನಲ್ಲಿ. ಬರೀ ರೈಲಿನ ಗಿರಾಕಿಗಳನ್ನು ನಂಬಿ ಅಂಗಡಿ ನಡೆಯದು, ಕಾರಿನವರ ಕಣ್ಣಿಗೂ ಬೀಳಬೇಕು ಎಂಬುದು ಕಟ್ಟಿದವರ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದರೆ ರೈಲಿನಿಂದಿಳಿದವರು ಊರು ಸೇರಲು ಬಯಲಿನ ನಡುವಿನ ದಾರಿಯಲ್ಲಿ ನಡೆದು, ಕಾರು ನುಗ್ಗುವ ರಸ್ತೆ ದಾಟಬೇಕಾಯಿತು. ಆರೆಗನ್‌ನಲ್ಲಿ ಅಕ್ಟೋಬರಿನಿಂದ ಮೇವರೆಗೆ ಜಿಟಿಜಿಟಿ ಮಳೆ ಬೇರೆ. ನಿಲ್ದಾಣಕ್ಕೂ ಕಾರ್ನೆಲ್ ರಸ್ತೆಗೂ ನಡುವಿನ ನೆಲದ ಹೆಚ್ಚಿನ ಭಾಗ ಹತ್ತು ವರ್ಷಕ್ಕೂ ಮೀರಿ ಖಾಲಿಯೇ ಬಿದ್ದಿತ್ತು. ಲೂಯಿಸ್ ಅಂಡ್ ಕ್ಲಾರ್ಕ್ ಕಾಲೇಜಿನ ಸಮಾಜಶಾಸ್ತ್ರಜ್ಞ ಬ್ರೂಸ್ ಪೊಡೊಬ್ನಿಕ್ ಬಡಾವಣೆಯವರನ್ನು ಮಾತನಾಡಿಸಿ ಅಧ್ಯಯನ ಮಾಡಿದಾಗ ಎರಡೂ ಬಗೆಯ ಉತ್ತರ ಸಿಕ್ಕಿತು. ಹಿಂದಿನ ಮನೆಯಲ್ಲಿದ್ದಾಗಿನದಕ್ಕಿಂತ ರೈಲು, ಬಸ್ಸು ಹೆಚ್ಚು ಹತ್ತುತ್ತೇವೆ ಎಂದವರು ಬಹಳ, ನೆರೆಹೊರೆಯ ಒಡನಾಟವೂ ಹೆಚ್ಚು. ಆದರೆ ದಿನನಿತ್ಯದ ಕೆಲಸಕ್ಕೆ ಬಹುತೇಕರು ಕಾರಿನಲ್ಲೇ ಹೋಗುತ್ತಿದ್ದರು.

ಬಯಲು ಖಾಲಿ ಬಿದ್ದದ್ದನ್ನು ಟೀಕಾಕಾರರು ಸೋಲೆಂದು ಬರೆದರು. ನನಗೆ ಅದು ಬೇರೆಯಾಗಿ ಕಾಣುತ್ತದೆ. ಬೇಡಿಕೆ ಇಲ್ಲದ ಆ ವರ್ಷಗಳಲ್ಲಿ ನಿಯಮ ಇಲ್ಲದಿದ್ದರೆ ಅಲ್ಲಿ ಏನು ಬರುತ್ತಿತ್ತು? ಗೋದಾಮು, ಕಾರು ಮಾರುವ ಶೋರೂಮು, ಪೆಟ್ರೋಲ್ ಬಂಕು. ಒಮ್ಮೆ ಬಂದರೆ ಐವತ್ತು ವರ್ಷ ಅಲುಗಾಡುವಂಥವಲ್ಲ ಅವು. 2010ರ ದಶಕದ ನಡುವಿಗೆ ಬೇಡಿಕೆ ಬಂತು. ಪ್ಲಾಟ್‌ಫಾರ್ಮಿನ ಮಗ್ಗುಲಲ್ಲೇ ನೂರಾರು ಅಪಾರ್ಟ್‌ಮೆಂಟುಗಳ ಬಹುಮಹಡಿ ಕಟ್ಟಡಗಳು, ಕೆಳಗೆ ಅಂಗಡಿ, ಮಾಜಿ ಮೇಯರ್ ಜೆರ್ರಿ ವಿಲ್ಲೀ ಹೆಸರಿನ ಚೌಕ ಎದ್ದವು. 2015ರಲ್ಲಿ ಹತ್ತಿರದಲ್ಲೇ ಕಡಿಮೆ ಆದಾಯದವರಿಗಾಗಿ 'ಆರ್ಚರ್ಡ್ಸ್ ಅಟ್ ಓರೆಂಕೊ' ಎಂಬ 57 ಮನೆಗಳ ಕಟ್ಟಡ ಬಂತು. ಗಾಳಿ ಸೋರದಂತೆ ದಪ್ಪ ಗೋಡೆ ಕಟ್ಟಿ, ಬಿಸಿ ಮಾಡಲು ಬೇಕಾಗುವ ವಿದ್ಯುತ್ತನ್ನು ತೀರಾ ಇಳಿಸಿದ 'ಪ್ಯಾಸಿವ್ ಹೌಸ್' ವಿಧಾನದ್ದು. ತೆರೆದಾಗ ಆ ಬಗೆಯ ವಸತಿ ಸಮುಚ್ಚಯಗಳಲ್ಲಿ ಉತ್ತರ ಅಮೆರಿಕದಲ್ಲೇ ದೊಡ್ಡದು.

ಹಿಲ್ಸ್‌ಬರೊದ ಜನಸಂಖ್ಯೆ 1990ರಲ್ಲಿ 37 ಸಾವಿರ ಚಿಲ್ಲರೆ, 2020ರಲ್ಲಿ 1 ಲಕ್ಷ 6 ಸಾವಿರ. ಈಗ ಬೆಳಗಿನ ಗಾಡಿ ಕಾಯುವವರಲ್ಲಿ ಬ್ಯಾಕ್‌ಪ್ಯಾಕ್ ಹಾಕಿದ ಎಂಜಿನಿಯರುಗಳಿದ್ದಾರೆ, ಅಡುಗೆಮನೆ ಕೆಲಸಕ್ಕೆ ಹೋಗುವವರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ. ಕನ್ನಡವೂ ಕಿವಿಗೆ ಬೀಳುತ್ತದೆ. "ಯಾವ ಕಡೆಯವರು ಅಂಕಲ್?" ಎಂದು ಕೇಳಿದ ಹುಡುಗನಿಗೆ ಅರಸೀಕೆರೆ ಎಂದರೆ, ಅವನ ಅಜ್ಜಿಯ ಮನೆ ತಿಪಟೂರು.

ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಒಂದು ಸಂಜೆ ಓರೆಂಕೊದಲ್ಲಿ ಇಳಿದು ಕಾರ್ನೆಲ್ ರಸ್ತೆಯವರೆಗೆ ನಡೆಯಿರಿ. ದಾರಿಯ ಒಂದು ತುದಿಯಲ್ಲಿ 2010ರ ದಶಕದ ಕಟ್ಟಡ, ಇನ್ನೊಂದು ತುದಿಯಲ್ಲಿ 1990ರ ದಶಕದ್ದು. ಇನ್ನೂ ಪುರುಸೊತ್ತಿದ್ದರೆ 2017ರಲ್ಲಿ ತೆರೆದ ಓರೆಂಕೊ ವುಡ್ಸ್ ಉದ್ಯಾನಕ್ಕೂ ಹೋಗಿ, ನರ್ಸರಿ ಒಡೆಯ ಮೆಕ್‌ಡೊನಾಲ್ಡ್ ಅವರ ಮನೆ ಇವತ್ತಿಗೂ ಅಲ್ಲಿದೆ.

ನನ್ನ ಜೊತೆ ಕೆಲಸ ಮಾಡಿದ ಕಿರಿಯರು ಈಗ ಬೆಂಗಳೂರಿನ ಉಪನಗರ ರೈಲಿನ ಮಾತಾಡುತ್ತಾರೆ. ನಾಲ್ಕು ಕಾರಿಡಾರ್, 148 ಕಿ.ಮೀ., ಸೇತುವೆ, ಗರ್ಡರ್, ಭೂಸ್ವಾಧೀನ. ಅವೆಲ್ಲ ಕಷ್ಟದ ಕೆಲಸ, ನಾನು ಬಲ್ಲೆ. ಆದರೂ ಅವರನ್ನು ನಾನೀಗ ಕೇಳುವ ಮೊದಲ ಪ್ರಶ್ನೆ, ನಿಲ್ದಾಣದ ಸುತ್ತ ಅರ್ಧ ಮೈಲಿಯಲ್ಲಿ ಏನೇನು ಕಟ್ಟಕೂಡದು ಎಂದು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು. ಬರೆಯಲು ಬೇಕಾದದ್ದು ಕಾಗದ ಮತ್ತು ಧೈರ್ಯ. ಹಳಿ ಬೀಳುವ ಮುಂಚೆಯಾದರೆ ಇಷ್ಟು ಸಾಕು. ಹಳಿ ಬಿದ್ದ ಮೇಲೆ, ನೆಲದ ಬೆಲೆ ಏರಿದ ಮೇಲೆ, ಆ ಕಾಗದಕ್ಕೆ ಯಾರೂ ಸಹಿ ಹಾಕುವುದಿಲ್ಲ.